ಪಾಯಸ ಬಡಿಸುವ ರಟ್ಟೆ

ಮೇಷ್ಟ್ರ ಹದಿಮೂರನೆಯ ದಿನದ ಊಟದಲ್ಲಿ ತುಪ್ಪ ಬಡಿಸುವವನು ನನ್ನ ಎಲೆಯನ್ನು ಬಿಟ್ಟು ಮುಂದೆ ಹೋದ. ಬೇಕೆಂದು ಮಾಡಿದ್ದಲ್ಲ, ಪಾಪ. ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಯಾರಿಗೋ ಕೊಪ್ಪದ ಬಸ್ಸಿನ ಸಮಯ ಹೇಳುತ್ತಿದ್ದ. ಸಾವಾದ ಮನೆಯಲ್ಲಿ ತುಪ್ಪ ಕೇಳಿ ಹಾಕಿಸಿಕೊಳ್ಳುವಷ್ಟು ನಾಚಿಕೆಗೆಟ್ಟವಳಲ್ಲ ನಾನು. ಆದರೆ ಒಳಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿ ಅದನ್ನು ನೋಡಿಯೇಬಿಟ್ಟರು.

"ಏ ಮಾರಾಯ, ಒಂದು ಎಲೆ ಹಾರಿಸಿದ್ಯಲ್ಲ! ಅವರು ಇದ್ದಿದ್ರೆ ನಿನ್ನ ಕೈಯಿಂದ ತುಪ್ಪದ ಗಿಂಡಿ ಕಿತ್ಕೊಂಡು ಉಪ್ಪಿನ ಬಟ್ಟಲು ಕೊಡ್ತಿದ್ರು" ಎಂದರು.

ಇಡೀ ಪಂಕ್ತಿ ನಕ್ಕಿತು. ಆಕೆಯೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಹೊರಗಿನವರು ಯಾರಾದರೂ ಬಂದಿದ್ದರೆ ಇದೆಂಥ ಜನವಪ್ಪ ಅಂದುಕೊಳ್ಳುತ್ತಿದ್ದರೋ ಏನೋ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲೂಕಿನಲ್ಲಿ ಊಟದ ಎಲೆಯ ಮುಂದೆ ಕೂತವರಿಗೆಲ್ಲ ಆ ಮಾತಿನ ಅರ್ಥ ಗೊತ್ತು.

ಅವರು ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮೇಷ್ಟ್ರು. ನಿವೃತ್ತರಾದ ಮೇಲೆ ಕೊಪ್ಪದಲ್ಲಿ ಮನೆ ಮಾಡಿದ್ದರು. ಕುಳ್ಳಗೆ, ತೆಳ್ಳಗೆ, ಎದುರಿಗೆ ಬಂದರೆ ಗಾಳಿಗೆ ಹಾರಿಹೋಗುತ್ತಾರೇನೋ ಅನ್ನಿಸುವ ಆಳು. ಆದರೆ ಪಂಚೆ ಎತ್ತಿ ಕಟ್ಟಿ, ಸೊಂಟಕ್ಕೆ ಟವಲು ಬಿಗಿದು, ಎಡಗೈಯಲ್ಲಿ ತುಂಬಿದ ಪಾಯಸದ ಬಕೆಟ್ಟು, ಬಲಗೈಯಲ್ಲಿ ಸೌಟು ಹಿಡಿದರೆಂದರೆ ಬೇರೆಯೇ ಮನುಷ್ಯ. ನಮ್ಮ ಕಡೆ ಮದುವೆ ಮುಂಜಿಯಲ್ಲಿ ಬಡಿಸುವುದು ನೆಂಟರ, ನೆರೆಯವರ ಕೆಲಸ. ಆ ಕೆಲಸಕ್ಕೆ ಮೇಷ್ಟ್ರು ಮುಖಂಡರು. ಲಗ್ನಪತ್ರಿಕೆ ಕೊಡಲು ಹೋದವರು "ತಪ್ಪದೇ ಊಟಕ್ಕೆ ಬನ್ನಿ" ಅಂದರೆ "ನೋಡುವ" ಅನ್ನುತ್ತಿದ್ದರು. "ಬಡಿಸೋಕೆ ಬನ್ನಿ" ಅಂದರೆ ಮಾತ್ರ ಡೈರಿ ತೆಗೆದು ಬರೆದುಕೊಳ್ಳುತ್ತಿದ್ದರು.

ಯಾರ ಎಲೆಗೆ ಎಷ್ಟು ಎಂಬುದು ಅವರಿಗೆ ಬಾಯಿಪಾಠ. ಸಕ್ಕರೆ ಕಾಯಿಲೆಯವರಿಗೆ ಅರ್ಧ ಸೌಟು, ಅದೂ ಹೆಂಡತಿ ಪಕ್ಕದಲ್ಲಿ ಕೂತಿದ್ದರೆ ಕಾಲು ಸೌಟು. "ಸಾಕು, ಸಾಕು" ಎಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುವ ನನ್ನಂಥವರಿಗೆ ಒಂದಲ್ಲ, ಎರಡು. ನನಗೆ ಪಾಯಸವೆಂದರೆ ಅಷ್ಟಕ್ಕಷ್ಟೇ. ಅದು ಅವರಿಗೆ ಚೆನ್ನಾಗಿ ಗೊತ್ತಿದ್ದೂ ಎಂದೂ ಬಿಟ್ಟವರಲ್ಲ. ಹಳೆಯ ವಿದ್ಯಾರ್ಥಿಗಳು ಸಿಕ್ಕರಂತೂ ಸೌಟನ್ನು ಎಲೆಯ ಮೇಲೆ ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು.

"ಈಗ ನನ್ನ ಕೈಯಲ್ಲಿ ಕೆಲಸ ಮಾಡ್ತಿರೋದು ಯಾವ ಸ್ನಾಯು? ಹೇಳು, ಆಮೇಲೆ ಪಾಯಸ."

ತಾಲೂಕು ಕಚೇರಿಯ ದೊಡ್ಡ ಗುಮಾಸ್ತರು, ಬ್ಯಾಂಕಿನವರು, ಯಾರಾದರೂ ಸರಿ, ಉತ್ತರ ಬಾರದಿದ್ದರೆ ಎಲೆಯ ಮುಂದೆ ಬೆಪ್ಪಾಗಿ ಕೂರುತ್ತಿದ್ದರು. ಹೆಂಡತಿ ಮಕ್ಕಳ ಎದುರಿಗೆ ಮಾನ ಹೋಗುತ್ತಿತ್ತು. ಪಾಯಸ ಮಾತ್ರ ಎಲ್ಲರಿಗೂ ಬೀಳುತ್ತಿತ್ತು, ಉತ್ತರ ತಪ್ಪಿದವರಿಗೆ ಸ್ವಲ್ಪ ಜಾಸ್ತಿಯೇ.

ತರಗತಿಯಲ್ಲಿಯೂ ಅವರ ಉದಾಹರಣೆಗಳೆಲ್ಲ ಊಟದ ಪಂಕ್ತಿಯಿಂದಲೇ ಬರುತ್ತಿದ್ದವು. ತುಪ್ಪಕ್ಕೆ ಮಣಿಕಟ್ಟು, ಸಾರಿಗೆ ರಟ್ಟೆ, ಪಾಯಸಕ್ಕೆ ಹೆಗಲು, ಬಗ್ಗಿಕೊಂಡು ಹಿಂದೆ ಹಿಂದೆ ಸರಿಯುವುದಕ್ಕೆ ಮೀನಖಂಡ. ಎರಡು ಮರದ ಪಟ್ಟಿಗೆ ಬಾಗಿಲಿನ ಬಿಜಾಗರಿ ಹೊಡೆದು ಒಂದು ತೋಳು ಮಾಡಿದ್ದರು. ಮುಂದೊಂದು, ಹಿಂದೊಂದು ಹಳೆಯ ಸೈಕಲ್ ಟ್ಯೂಬಿನ ತುಂಡು. ಮುಂದಿನದನ್ನು ಎಳೆದರೆ ಮೊಣಕೈ ಮಡಚುತ್ತಿತ್ತು, ಹಿಂದಿನದನ್ನು ಎಳೆದರೆ ನೆಟ್ಟಗಾಗುತ್ತಿತ್ತು.

"ಸ್ನಾಯುವಿಗೆ ಎಳೆಯೋದು ಒಂದೇ ಗೊತ್ತು. ತಳ್ಳೋದು ಗೊತ್ತಿಲ್ಲ" ಎಂದರು.

ನನಗೆ ಆಗಲೂ ಬಾಯಿ ಜೋರು. ಎದ್ದು ನಿಂತು, "ಸುಳ್ಳು ಸಾರ್. ದಿನಾ ಬೆಳಿಗ್ಗೆ ಕ್ಲಾಸಿನ ಬಾಗಿಲು ತಳ್ಳೋದು ನಾನೇ" ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಹೊರಗಿನಿಂದ ಚಿಲಕ ಹಾಕಿಸಿ, "ತಳ್ಳು" ಎಂದರು. ತಳ್ಳಿದೆ. "ಇನ್ನೊಂದು ಕೈಯಲ್ಲಿ ನಿನ್ನ ರಟ್ಟೆಯ ಹಿಂಭಾಗ ಮುಟ್ಟಿ ನೋಡ್ಕೋ" ಎಂದರು. ಮುಟ್ಟಿದೆ. ತೋಳಿನ ಹಿಂದೆ ಗಟ್ಟಿಯಾಗಿ ಏನೋ ಉಬ್ಬಿಕೊಂಡಿತ್ತು, ಮುಂದೆ ಮೆತ್ತಗಿತ್ತು.

"ನೀನು ತಳ್ತಿರೋದು ಬಾಗಿಲನ್ನ. ಒಳಗೆ ಅದು ಮೂಳೆಯನ್ನ ಎಳೀತಾ ಇದೆ ಮಾರಾಯ್ತಿ. ಹಿಂದಿನದು ಎಳೆಯುವಾಗ ಮುಂದಿನದು ಬಿಟ್ಟುಕೊಡಬೇಕು. ಇಬ್ಬರೂ ಹಟ ಹಿಡಿದು ಎಳೆದ್ರೆ ಕೈ ಅಲ್ಲೇ ನಿಲ್ತದೆ, ಬಾಗಿಲೂ ಇಲ್ಲ, ಪಾಯಸವೂ ಇಲ್ಲ" ಎಂದರು. ಆಮೇಲೆ ನೀರು ತುಂಬಿದ ಚೊಂಬನ್ನು ನನ್ನ ಕೈಗೆ ಕೊಟ್ಟು, ಒಂದು ಹನಿಯೂ ಚೆಲ್ಲದಂತೆ ನಿಧಾನವಾಗಿ ಮೇಜಿನ ಮೇಲೆ ಇಳಿಸಲು ಹೇಳಿದರು. "ಈಗಲೂ ಕೆಲಸ ಮಾಡ್ತಿರೋದು ಮುಂದಿನ ರಟ್ಟೆಯೇ. ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡ್ತಾ ಇದೆ. ಎಳೆಯೋದು ಕಲಿತವನಿಗೆ ಪಾಸ್ ಮಾರ್ಕು. ಹದವಾಗಿ ಬಿಡೋದು ಕಲಿತವನಿಗೆ ಫಸ್ಟ್ ಕ್ಲಾಸು."

ಆ ಉಬ್ಬಿದ ರಟ್ಟೆಯನ್ನು ಮುಟ್ಟಿ ನೋಡಿಕೊಂಡ ದಿನವೇ ನನ್ನ ಹಣೆಬರಹ ಬರೆದುಹೋಯಿತು. ನಾನು ಫಿಸಿಯೋಥೆರಪಿ ಓದಿದೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಒಂದು ಕೋಣೆ ಹಿಡಿದು ಸೊಂಟ, ಮೊಣಕಾಲು, ಕುತ್ತಿಗೆ ಅಂತ ದಿನಾ ಯಾರಾದರೊಬ್ಬರ ಮೈಯನ್ನು ಎಳೆದಾಡಿಸುತ್ತಾ ಕೂತೆ. ಮಂಡಿನೋವಿನವರು ಮೆಟ್ಟಿಲು ಹತ್ತಿ ಬರಬೇಕಾದಂಥ ಜಾಗ ಹಿಡಿದ ನನ್ನ ಬುದ್ಧಿವಂತಿಕೆಯನ್ನು ಮೇಷ್ಟ್ರು ಸಾಯುವತನಕ ಆಡಿಕೊಂಡರು.

ಹೀಗಿರುವಾಗ ಮೇಷ್ಟ್ರು ಬಿದ್ದರು. ಕಿಗ್ಗದಲ್ಲಿ ಒಂದು ಗೃಹಪ್ರವೇಶದ ಊಟ ಬಡಿಸಿ ಸ್ಕೂಟರಿನಲ್ಲಿ ಬರುವಾಗ ತಿರುವಿನಲ್ಲಿ ದನ ಅಡ್ಡ ಬಂತು. ದನಕ್ಕೆ ಏನೂ ಆಗಲಿಲ್ಲ. ಮೇಷ್ಟ್ರ ಬಲಗೈ ಹೆಗಲಿನ ಕೆಳಗೆ ಮುರಿಯಿತು. ಶಿವಮೊಗ್ಗದ ಡಾಕ್ಟರು ಮೂಳೆ ಕೂರಿಸಿ, ಕೈಯನ್ನು ಕುತ್ತಿಗೆಗೆ ಕಟ್ಟಿ, ಕಟ್ಟು ಬಿಚ್ಚಿದ ಮೇಲೆ ವ್ಯಾಯಾಮ ಮಾಡಿಸಬೇಕೆಂದು ಹೇಳಿ ಕಳಿಸಿದರು. ವ್ಯಾಯಾಮದ ಮಾತು ಕೊಪ್ಪದವರೆಗೆ ಬಂದು ಮುಟ್ಟಲೇ ಇಲ್ಲ.

ನಾನು ನೋಡಲು ಹೋದಾಗ ಕಟ್ಟು ಬಿಚ್ಚಿ ತಿಂಗಳಾಗಿತ್ತು. ಮೇಷ್ಟ್ರು ಈಸಿಚೇರಿನಲ್ಲಿ ಮದುಮಗನ ಹಾಗೆ ಕೂತಿದ್ದರು. ಬಲಗೈ ದಿಂಬಿನ ಮೇಲೆ. ಹೆಂಡತಿ ಲೋಟ ಹಿಡಿದು ಕಾಫಿ ಕುಡಿಸುತ್ತಿದ್ದರು. ಅನ್ನ ಕಲೆಸಿ ಬಾಯಿಗಿಡುವುದು, ತಲೆ ಬಾಚುವುದು, ಅಂಗಿಗೆ ಗುಂಡಿ ಹಾಕುವುದು, ಎಲ್ಲ ಆಕೆಯೇ. ನೋಡಲು ಬಂದವರೆಲ್ಲ ಒಂದೊಂದು ಎಣ್ಣೆ ಶೀಸೆ ತಂದಿಟ್ಟು, "ಕೈ ಮಾತ್ರ ಅಲ್ಲಾಡಿಸಬೇಡಿ ಮೇಷ್ಟ್ರೇ" ಎಂದು ಹೇಳಿ ಹೋಗುತ್ತಿದ್ದರು. ಉಪಚಾರದಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಆ ಉಪಚಾರದಲ್ಲಿ ಹೆಗಲು ಬಿಗಿದುಕೊಂಡು ಕೈ ಎದೆಮಟ್ಟಕ್ಕೂ ಏಳದಂತಾಗಿತ್ತು.

"ಸಾರ್, ಸ್ನಾಯು ಎಳೀದೇ ಕೂತರೆ ಏನಾಗ್ತದೆ ಅಂತ ನೀವೇ ಪಾಠ ಮಾಡಿದ್ರಿ" ಎಂದೆ.

"ಪಾಠ ಹುಡುಗರಿಗೆ ಮಾಡಿದ್ದು. ಇವಳು ಬಿಡಬೇಕಲ್ಲ" ಎಂದು ಹೆಂಡತಿಯ ಕಡೆ ಕಣ್ಣು ಹೊರಳಿಸಿದರು.

"ಅಮ್ಮ, ನೀವು ಇವರಿಗೆ ಏನೂ ಕೈಗೆ ಕೊಡಬಾರದು. ಬಿಟ್ಟುಬಿಡಿ" ಎಂದೆ.

ಆಕೆಯ ಮುಖ ಚಿಕ್ಕದಾಯಿತು. "ಮದುವೆ ಆದಾಗಿಂದ ಕೈಗೇ ಕೊಟ್ಟು ರೂಢಿ. ಈಗ ಕೈ ಮುರಿದಾಗ ಕೊಡಬೇಡ ಅಂದ್ರೆ ಹೆಂಗೆ ತಡಕಳದು?" ಎಂದರು. ನನಗೆ ಕೆಟ್ಟದೆನಿಸಿತು. ಆದರೂ ಪಟ್ಟು ಬಿಡಲಿಲ್ಲ. ಮರುದಿನ ಹೋದರೆ ಆಕೆ ಕಾಫಿ ಲೋಟವನ್ನು ಗೋಡೆಯ ಗೂಡಿನಲ್ಲಿಟ್ಟು, ಅಡುಗೆಮನೆಗೆ ಹೋಗಿ ಬೆನ್ನು ತಿರುಗಿಸಿ ನಿಂತಿದ್ದರು. "ನೋಡಿದ್ರೆ ಹೋಗಿ ಕೊಟ್ಟುಬಿಡ್ತೇನೆ, ಅದ್ಕೇ ಈ ಕಡೆ ತಿರುಗಿದ್ದು" ಎಂದು ಪಿಸುಗುಟ್ಟಿದರು.

ಮೇಷ್ಟ್ರನ್ನು ಎಬ್ಬಿಸಿದ್ದು ನಿಜವಾಗಿ ನಾನಲ್ಲ, ಮೊಮ್ಮಗಳ ಮದುವೆ. ಎರಡು ತಿಂಗಳಿಗೆ ಲಗ್ನ ನಿಶ್ಚಯವಾಗಿತ್ತು. ಆ ಹುಡುಗಿ ಚಿಕ್ಕವಳಿದ್ದಾಗ ಅಜ್ಜನಿಂದ ಭಾಷೆ ತೆಗೆದುಕೊಂಡಿದ್ದಳಂತೆ, ತನ್ನ ಮದುವೆಯಲ್ಲಿ ಪಾಯಸ ಅಜ್ಜನೇ ಬಡಿಸಬೇಕು ಎಂದು. ಊರವರ ಮಕ್ಕಳ ಮದುವೆಗೆಲ್ಲ ಬಡಿಸಿದ ಕೈ ಸ್ವಂತ ಮೊಮ್ಮಗಳ ಮದುವೆಯಲ್ಲಿ ದಿಂಬಿನ ಮೇಲಿರುವುದೇ? ಎಡಗೈಯಲ್ಲಿ ಬಡಿಸೋಣವೆಂದರೆ ನಮ್ಮಲ್ಲಿ ಎಡಗೈ ಎಲೆಯ ಹತ್ತಿರ ಬರುವಂತಿಲ್ಲ.

"ಎರಡು ತಿಂಗಳಲ್ಲಿ ನನಗೆ ಪಾಯಸದ ಸೌಟು ಹಿಡಿಸಬೇಕು ಕಣೇ. ನಿನ್ನ ಕಾಲು ಹಿಡೀತೇನೆ ಅನ್ನೋ ಹಾಗಿಲ್ಲ, ನಾನು ಮೇಷ್ಟ್ರು" ಎಂದರು.

ನಾನು ಕಾಲೇಜಿನಲ್ಲಿ ಕಲಿತ ವ್ಯಾಯಾಮಗಳನ್ನು ಅವರು ಎರಡು ದಿನ ಮಾಡಿ ಬೇಸರಪಟ್ಟರು. ಗೋಡೆಯ ಮೇಲೆ ಬೆರಳು ಹತ್ತಿಸಿ ಎಂದರೆ, "ನಾನೇನು ಹಲ್ಲಿಯಾ?" ಎಂದರು. ಆಗ ನನಗೆ ಹೊಳೆಯಿತು. ಎಲೆಗೆ ಬಡಿಸುವ ಕ್ರಮವಿದೆಯಲ್ಲ, ಅದೇ ಹಗುರದಿಂದ ಭಾರಕ್ಕೆ ಹೋಗುವ ವ್ಯಾಯಾಮ. ಮೊದಲ ವಾರ ಉಪ್ಪು. ಆಮೇಲೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಅದಾದ ಮೇಲೆ ಸಾರು. ಕೊನೆಗೆ ಪಾಯಸ.

"ಎಂತ ಮಾರಾಯ್ತಿ, ನನ್ನನ್ನ ಉಪ್ಪಿಗೆ ಇಳಿಸಿದ್ಯಾ!" ಎಂದು ಅವರು ಕೂಗಿದ್ದು ಬೀದಿಗೆ ಕೇಳಿಸಿತು. ಉಪ್ಪು ಬಡಿಸುವುದು ಹೊಸಬರ ಕೆಲಸ. ಕೆಲಸ ಕೆಡಿಸಿದವರಿಗೆ ಅವರೇ ಕೊಡುತ್ತಿದ್ದ ಶಿಕ್ಷೆ ಅದು.

ದಿನಾ ಸಂಜೆ ಹಜಾರದಲ್ಲಿ ಎಲೆ ಹಾಸುತ್ತಿದ್ದೆವು. ಎಲೆಯ ಮುಂದೆ ಕೂರಲು ಜನ ಬೇಕಲ್ಲ, ಪಕ್ಕದ ಮನೆಯವರು, ಎದುರಿನ ಅಂಗಡಿಯವರು ಬಂದು ಕೂತು ಗಂಭೀರವಾಗಿ ಬರೀ ಉಪ್ಪು ಬಡಿಸಿಕೊಂಡು ಹೋಗುತ್ತಿದ್ದರು. ಬಕೆಟ್ಟಿನ ನೀರೇ ಸಾರು, ನೀರೇ ಪಾಯಸ. ಐದನೆಯ ವಾರಕ್ಕೆ ಮೇಷ್ಟ್ರು ಸಾರಿಗೆ ಬಡ್ತಿ ಪಡೆದರು. ಏಳನೆಯ ವಾರ ಎಡಗೈಯಲ್ಲಿ ಬಕೆಟ್ಟು ಹಿಡಿದು, ಸಾಲಿನ ಉದ್ದಕ್ಕೂ ಬಗ್ಗಿ ಬಗ್ಗಿ ಪಾಯಸವೆಂಬ ನೀರನ್ನು ಬಡಿಸಿ ಮುಗಿಸಿದಾಗ ಕೂತವರೆಲ್ಲ ಚಪ್ಪಾಳೆ ಹೊಡೆದರು. ನಾನಂತೂ ಉಬ್ಬಿಹೋದೆ.

ಮದುವೆಗೆ ಮೂರು ದಿನವಿದೆ ಎನ್ನುವಾಗ ಶೃಂಗೇರಿಯ ಛತ್ರವನ್ನು ನೋಡಿ ಬರೋಣವೆಂದು ಮೇಷ್ಟ್ರು, ಅವರ ಹೆಂಡತಿ, ನಾನು ಮೂವರೂ ಹೋದೆವು. ಊಟದ ಹಾಲ್‌ನ ಬಾಗಿಲು ತೆಗೆದರೆ ಈ ತುದಿಯಿಂದ ಆ ತುದಿಯವರೆಗೆ ಮೇಜು, ಕುರ್ಚಿ!

ಈಗಿನ ಕಾಲದಲ್ಲಿ ನೆಲದ ಮೇಲೆ ಯಾರು ಕೂರುತ್ತಾರೆ? ಗೊತ್ತಿರುವ ವಿಷಯವೇ. ನಾನೇ ಎಷ್ಟು ಮದುವೆಯಲ್ಲಿ ಮೇಜಿನ ಮೇಲೆ ಉಂಡಿಲ್ಲ? ಆದರೂ ಬಡಿಸುವುದು ಎಂದಕೂಡಲೇ ಮೇಷ್ಟ್ರಿಗೂ ನನಗೂ ನೆಲ, ಎಲೆ, ಬಗ್ಗುವುದು ಇಷ್ಟೇ ಕಣ್ಣಿಗೆ ಬಂದಿತ್ತು. ಅಲ್ಲಿದ್ದ ಖಾಲಿ ಬಕೆಟ್ಟು, ಸೌಟು ಹಿಡಿದು ಮೇಷ್ಟ್ರು ಮೇಜಿನ ಮುಂದೆ ನಿಂತರು. ಸೌಟು ಬಕೆಟ್ಟಿನ ಕಂಠದವರೆಗೆ ಬಂತು. ಹೆಗಲು ಕಿವಿಯವರೆಗೆ ಹೋಯಿತು. ಸೌಟು ಮಾತ್ರ ಕಂಠ ದಾಟಿ ಮೇಜಿಗೆ ಬರಲಿಲ್ಲ.

ಆಗ ನನ್ನ ತಲೆಗೆ ಹೋಯಿತು. ಎರಡು ತಿಂಗಳು ಬಡಿಸಿದ್ದು ಕೈಯಲ್ಲ, ಸೊಂಟ! ಜನ್ಮವಿಡೀ ಬಗ್ಗಿ ಬಡಿಸಿದ ಮೈ ಅದು. ಕೈ ಏಳದಿದ್ದಲ್ಲೆಲ್ಲ ಸೊಂಟ ಬಗ್ಗಿ, ಕೈಯನ್ನು ಎಲೆಯ ಮೇಲೆ ಇಳಿಬಿಟ್ಟು ನನ್ನ ಕಣ್ಣಿಗೆ ಮಣ್ಣೆರಚಿತ್ತು. ಮೇಜಿನ ಮುಂದೆ ಬಗ್ಗಿ ಪ್ರಯೋಜನವಿಲ್ಲ, ಕೈಯೇ ಏಳಬೇಕು. ಕಣ್ಣು ಬಿಟ್ಟುಕೊಂಡೇ ಕೂತಿದ್ದ ನಾನು ಅದನ್ನು ಮೆಚ್ಚಿ ಚಪ್ಪಾಳೆ ಬೇರೆ ಹೊಡೆದಿದ್ದೆ. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ನಾಚಿಕೆಯಿಂದ ನನಗೆ ಅಳುವೇ ಬಂತು.

"ತಪ್ಪು ನಂದು ಸಾರ್. ಮೂರು ದಿನ ಇದೆ, ಏನಾದ್ರೂ..."

"ಮೂರು ದಿನಕ್ಕೆ ಸ್ನಾಯು ಬೆಳೆಯೋದಿಲ್ಲ ಅಂತ ಪಾಠ ಮಾಡಿದವನು ನಾನೇ" ಎಂದರು ಮೇಷ್ಟ್ರು. ಸೌಟನ್ನು ಮೆಲ್ಲಗೆ ಬಕೆಟ್ಟಿನಲ್ಲಿಟ್ಟರು. "ಹೋಗಲಿ ಬಿಡು. ಉಪ್ಪೇ ಬಡಿಸ್ತೇನೆ."

ಅವರ ಹೆಂಡತಿ ಆ ಬಕೆಟ್ಟನ್ನು ಎತ್ತಿ, ಇಳಿಸಿ, ಮತ್ತೆ ಎತ್ತಿ ನೋಡಿ ಜಾಗಕ್ಕಿಟ್ಟರು. ನಾನು ಅದನ್ನು ಗಮನಿಸಿದರೂ ಯಾಕೆಂದು ಯೋಚಿಸಲಿಲ್ಲ.

ಮದುವೆಯ ದಿನ ಮೇಷ್ಟ್ರು ಹೇಳಿದಂತೆಯೇ ಉಪ್ಪು ಬಡಿಸಿದರು. ಸೊಂಟಕ್ಕೆ ಟವಲು ಬಿಗಿದು, ಒಂದು ಎಲೆಯನ್ನೂ ಬಿಡದೆ, ಚಿಟಿಕೆ ಚಿಟಿಕೆಯಾಗಿ. "ಏನು ಮೇಷ್ಟ್ರೇ, ಉಪ್ಪಾ?" ಎಂದವರಿಗೆ "ಉಪ್ಪಿಗಿಂತ ರುಚಿ ಇಲ್ಲ, ಗಾದೆ ಗೊತ್ತಿಲ್ವಾ?" ಎಂದು ನಗುತ್ತಲೇ ಉತ್ತರ ಕೊಟ್ಟರು. ಆದರೆ ಸಾಲು ಮುಗಿದ ಮೇಲೆ ಕಂಬಕ್ಕೆ ಒರಗಿ ಪಾಯಸ ಬರುವ ಬಾಗಿಲನ್ನೇ ನೋಡುತ್ತಾ ನಿಂತರು. ಮದುಮಗಳೂ ಅಜ್ಜನನ್ನೇ ನೋಡುತ್ತಿದ್ದಳು. ಎಲೆಯ ಮುಂದೆ ಕೂತಿದ್ದ ನಾನು ಕಲೆಸಿದ ಅನ್ನವನ್ನೇ ಮತ್ತೆ ಮತ್ತೆ ಕಲೆಸುತ್ತಿದ್ದೆ.

ಪಾಯಸದ ಬಕೆಟ್ಟು ಬಂತು. ಆದರೆ ಅದನ್ನು ಹಿಡಿದು ಬಂದವರು ಮೇಷ್ಟ್ರ ಹೆಂಡತಿ! ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಅರ್ಧ ಬಕೆಟ್ಟು ಪಾಯಸ. ದೊಡ್ಡ ಪಂಕ್ತಿಯಲ್ಲಿ ಪಾಯಸದ ಬಕೆಟ್ಟು ಗಂಡಸರದೇ ಎಂದು ನಮ್ಮಲ್ಲಿ ಯಾರೂ ಬರೆದಿಟ್ಟಿಲ್ಲ, ಆದರೂ ಹೆಂಗಸರು ಹಿಡಿದದ್ದನ್ನು ಯಾರೂ ನೋಡಿರಲಿಲ್ಲ. ಎಲ್ಲರ ಕತ್ತೂ ಆ ಕಡೆ ತಿರುಗಿತು. ಆಕೆ ಸೀದಾ ಗಂಡನ ಮುಂದೆ ಹೋಗಿ ನಿಂತರು.

"ಸೌಟು ಹಿಡ್ಕಳಿ."

"ನನ್ನ ಕೈ ಏಳೋದಿಲ್ಲ ಅಂತ ನಿಂಗೆ ಗೊತ್ತಿಲ್ವಾ ಮಾರಾಯ್ತಿ?"

"ಏಳೋದು ಬೇಡ. ನಿಮ್ಮ ಕೈ ಎಲ್ಲಿದೆಯೋ ಅಲ್ಲೇ ಇರ್ಲಿ. ನಾನು ಇಳಿಸ್ತೇನೆ."

ಮದುಮಗಳ ಎಲೆಯ ಮುಂದೆ ಇಬ್ಬರೂ ನಿಂತರು. ಆಕೆ ಬಕೆಟ್ಟನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದರು. ಮೇಷ್ಟ್ರು ಮೊಣಕೈ ಮಡಚಿ ಸೌಟನ್ನು ಅದ್ದಿದರು. ಆಕೆ ಒಂದು ಹನಿಯೂ ತುಳುಕದಂತೆ ನಿಧಾನವಾಗಿ ಬಕೆಟ್ಟು ಇಳಿಸಿದರು. ತುಂಬಿದ ಸೌಟು ಇದ್ದಲ್ಲೇ ಇತ್ತು, ಬಕೆಟ್ಟು ಕೆಳಗೆ ಹೋಗಿತ್ತು. ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟು ಮಣಿಕಟ್ಟು ತಿರುಗಿಸಿದರು, ಪಾಯಸ ಎಲೆಗೆ ಬಿತ್ತು. ಮದುಮಗಳು ಅಳುತ್ತಾ ನಕ್ಕಳು. ಎತ್ತು, ಅದ್ದು, ಇಳಿಸು. ಎರಡನೆಯ ಎಲೆ, ಮೂರನೆಯ ಎಲೆ. ಬಕೆಟ್ಟು ಬರಿದಾದಾಗ ಮತ್ತೆ ಅರ್ಧ ತುಂಬಿಸಿದರು. ಬಾವಿಯಿಂದ ಕೊಡಗಟ್ಟಲೆ ನೀರು ಸೇದಿದ ರಟ್ಟೆ ಆಕೆಯದು. ಅಷ್ಟು ವರ್ಷ ಆ ಮನೆಗೆ ಹೋಗಿಬಂದರೂ ನಾನು ಎಂದೂ ಅದರ ಕಡೆ ನೋಡಿರಲಿಲ್ಲ.

ಸಾಲಿನ ಕೊನೆಯಲ್ಲಿ ನನ್ನ ಎಲೆ. ಇಬ್ಬರ ಹಣೆಯೂ ಬೆವರಿತ್ತು. ಮೇಷ್ಟ್ರು ತುಂಬಿದ ಸೌಟನ್ನು ನನ್ನ ಎಲೆಯ ಮೇಲೆ ಹಿಡಿದು ನಿಲ್ಲಿಸಿದರು. ಕಣ್ಣಲ್ಲಿ ಹಳೆಯ ಕಿಡಿಗೇಡಿತನ ವಾಪಸು ಬಂದಿತ್ತು.

"ಈಗ ಕೆಲಸ ಮಾಡ್ತಿರೋದು ಯಾವ ಸ್ನಾಯು? ಹೇಳು, ಆಮೇಲೆ ಪಾಯಸ."

"ಅಮ್ಮನ ರಟ್ಟೆ ಸಾರ್" ಎಂದೆ.

"ಕ್ಲಾಸು?"

"ಫಸ್ಟ್ ಕ್ಲಾಸು."

ಮೇಷ್ಟ್ರು ಗಟ್ಟಿಯಾಗಿ ನಕ್ಕು ಸೌಟು ಬಗ್ಗಿಸಿದರು. ಆಕೆ ನಾಚಿಕೊಂಡು "ಥೋ, ನಿಮ್ಮದೊಂದು!" ಎಂದು ಬಕೆಟ್ಟು ಹಿಡಿದು ತಿರುಗಿದರು. ಆಗ ನಾನು, ಎಲೆಗೆ ಕೈ ಅಡ್ಡ ಹಿಡಿಯುವುದನ್ನೇ ಕಲಿತವಳು, ಜನ್ಮದಲ್ಲಿ ಮೊದಲ ಸಲ ಕೇಳಿದೆ.

"ಇನ್ನೊಂದು ಸೌಟು ಹಾಕಿ ಸಾರ್."

ಮೇಷ್ಟ್ರು ನನ್ನ ಮುಖ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಬಾರೇ, ಎತ್ತು" ಎಂದರು.